ಬಿಯರ್ ಕಂಪನಿ, ಅಂಗಡಿಗಳ ಹಳೆ ತಗಡಿನ ಟ್ರೇಗಳು: ಅಸಲಿ ಗುರುತಿಸುವುದು ಹೇಗೆ?

ಸಂತೆಪೇಟೆ (ಕೊಲಂಬಸ್, ಓಹಾಯೋ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಳೆ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ತಗಡಿನ ಟ್ರೇ ಕೊಂಡೆ. ದುಂಡನೆಯದು, ಒಂದಡಿಗಿಂತ ಸ್ವಲ್ಪ ಅಗಲ. ನಡುವೆ ಗುಲಾಬಿ ಹಿಡಿದ ಹೆಂಗಸಿನ ಚಿತ್ರ. ಸುತ್ತ ಅಂಚಿನಲ್ಲಿ ಓಹಾಯೋದ ಒಂದು ಸಣ್ಣ ಊರಿನ ಬಿಯರ್ ಕಂಪನಿಯ ಹೆಸರು. ಕೆಳಗೆ, ಅಂಚು ಮೇಲೇಳುವ ಕಡೆ, ತುಂಬಾ ಸಣ್ಣ ಅಕ್ಷರದಲ್ಲಿ 'ದಿ ಮೀಕ್ ಕಂ., ಕೊಶಾಕ್ಟನ್, ಓ.' ಅಂತ ಇದೆ.

ನೂರು ವರ್ಷಕ್ಕಿಂತ ಹಳೆಯದು ಅಂತ ಅಂಗಡಿಯವರು ಹೇಳಿದರು. ನಿಜಾನಾ? ಒಂದು ಕಡೆ ತುಕ್ಕು ಹಿಡಿದಿದೆ. ಸೋಪು ಹಾಕಿ ತೊಳೆಯಬಹುದಾ? ಇಂಥವನ್ನು ಕೂಡಿಡುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ತವರದ ತಗಡು (ಮಿಲ್ವಾಕೀ)

ಮೊದಲು ಒಂದು ಮಾತು. ಸೋಪು, ನೀರು ಏನೂ ಮುಟ್ಟಿಸಬೇಡಿ. ಒಣ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿ ಪಕ್ಕಕ್ಕಿಡಿ. ಮಿಕ್ಕದ್ದು ಆಮೇಲೆ.

ಚಿತ್ರಕ್ಕಿಂತ ಮುಖ್ಯವಾದದ್ದನ್ನು ನೀವು ಮೊದಲೇ ಓದಿದ್ದೀರಿ. ಆ ಸಣ್ಣ ಸಾಲೇ ಟ್ರೇಯ ಜಾತಕ. ಕೊಶಾಕ್ಟನ್ ನಿಮ್ಮ ರಾಜ್ಯದ್ದೇ ಒಂದು ಚಿಕ್ಕ ಊರು, ಕೊಲಂಬಸ್‌ನ ಪೂರ್ವಕ್ಕಿದೆ. ಅಮೆರಿಕದಲ್ಲಿ ಕಂಪನಿ ಹೆಸರು ಅಚ್ಚು ಹಾಕಿದ ಸಾಮಾನನ್ನು ಬಿಟ್ಟಿ ಹಂಚುವ ವ್ಯಾಪಾರ ದೊಡ್ಡದಾಗಿ ಬೆಳೆದದ್ದು ಅಲ್ಲಿ. ಜಾಸ್ಪರ್ ಮೀಕ್ ಅಂತ ಒಬ್ಬರು ಅಲ್ಲಿ ಪತ್ರಿಕೆ ನಡೆಸುತ್ತಿದ್ದರು. ಪತ್ರಿಕೆ ಅಚ್ಚಾದ ಮೇಲೆ ಯಂತ್ರ ಸುಮ್ನೆ ನಿಂತಿರುತ್ತಿತ್ತು. 1880ರ ದಶಕದಲ್ಲಿ ಅವರು ಶಾಲೆ ಮಕ್ಕಳ ಗೋಣಿ ಬಟ್ಟೆ ಚೀಲದ ಮೇಲೆ ಕ್ಯಾಂಟ್‌ವೆಲ್ ಅನ್ನುವ ಚಪ್ಪಲಿ ಅಂಗಡಿಯ ಹೆಸರು ಅಚ್ಚು ಹಾಕಿದರು. ಮಕ್ಕಳು ಊರೆಲ್ಲ ಓಡಾಡಿದರು, ಅಂಗಡಿ ಹೆಸರೂ ಓಡಾಡಿತು. ಅದೇ ಊರಿನ ಹೆನ್ರಿ ಬೀಚ್ ಅನ್ನುವವರೂ ಪೈಪೋಟಿಗೆ ಇಳಿದರು. ಚೀಲ ಆಯಿತು, ತಗಡಿನ ಬೋರ್ಡ್ ಬಂತು, ಟ್ರೇ ಬಂತು.

1901ರಲ್ಲಿ ಇಬ್ಬರೂ ಕಂಪನಿಗಳನ್ನು ಸೇರಿಸಿ 'ಮೀಕ್ ಅಂಡ್ ಬೀಚ್' ಮಾಡಿಕೊಂಡರು. ಅದು ಬಾಳಲಿಲ್ಲ. ಬೀಚ್ ಹೊರಗೆ ಬಂದು 'ಎಚ್. ಡಿ. ಬೀಚ್ ಕಂಪನಿ' ತೆರೆದರು. ಉಳಿದದ್ದು 'ದಿ ಮೀಕ್ ಕಂಪನಿ'. 1909ರಲ್ಲಿ ಅದರ ಹೆಸರು 'ಅಮೆರಿಕನ್ ಆರ್ಟ್ ವರ್ಕ್ಸ್' ಅಂತ ಬದಲಾಯಿತು. ಹಾಗಾಗಿ ನಿಮ್ಮ ಟ್ರೇ ಅಸಲಿಯಾಗಿದ್ದರೆ 1901 ಮತ್ತು 1909ರ ನಡುವಿನದು.

'ಆಗಿದ್ದರೆ' ಅಂದದ್ದು ಬೇಕಂತಲೇ. ನಕಲು ಮಾಡುವವರು ಆ ಸಾಲನ್ನೂ ಸೇರಿಸಿಯೇ ಅಚ್ಚು ಹಾಕುತ್ತಾರೆ. ಭೂತಗನ್ನಡಿ ಇದೆಯಾ?

ಕಲ್ಲಚ್ಚು (ಮಂಗಳೂರು)

ಭೂತಗನ್ನಡಿ ವಿಷಯಕ್ಕೆ ನಾನೂ ಸೇರಿಕೊಳ್ಳುತ್ತೇನೆ. ನನ್ನ ಬಳಿ ಟ್ರೇಗಳಿಲ್ಲ, ಆದರೆ ಬದುಕೆಲ್ಲ ಪ್ರೆಸ್ಸಿನಲ್ಲೇ ಕಳೆದವನು ನಾನು.

ಈ ಟ್ರೇಗಳ ಚಿತ್ರ ಲಿಥೋ ಅಚ್ಚಿನದು. ಲಿಥೋ ಅಂದರೆ ನಮ್ಮ ಕಲ್ಲಚ್ಚು. ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಕಂಡುಹಿಡಿದದ್ದು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಲ್ಲಿ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ, ಜಿಡ್ಡಿದ್ದ ಕಡೆ ಮಾತ್ರ ಶಾಯಿ ಹಿಡಿಯುತ್ತದೆ, ನೀರಿದ್ದ ಕಡೆ ಹಿಡಿಯುವುದಿಲ್ಲ. ಒಳ್ಳೆ ಕಲ್ಲು ಬರುತ್ತಿದ್ದದ್ದು ಬವೇರಿಯಾದ ಸೋಲ್ನ್‌ಹೋಫೆನ್‌ನಿಂದ. ನಮ್ಮ ಮಂಗಳೂರಿಗೂ ಇದರ ನಂಟು ಇದೆ. ಬಾಸೆಲ್ ಮಿಷನ್ ಪ್ರೆಸ್ 1841ರಲ್ಲಿ ಶುರುವಾದದ್ದೇ ಕಲ್ಲಚ್ಚಿನಿಂದ. 1843ರ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದೂ ಹಾಗೆಯೇ.

ಕಾಗದಕ್ಕೆ ಇದು ಸರಿ. ತಗಡಿಗೆ ಸರಿಹೋಗುವುದಿಲ್ಲ. ಕಲ್ಲೂ ಗಟ್ಟಿ, ತಗಡೂ ಗಟ್ಟಿ. ಎರಡನ್ನೂ ಒತ್ತಿದರೆ ಶಾಯಿ ಸರಿಯಾಗಿ ಕೂರುವುದಿಲ್ಲ. ಇದಕ್ಕೆ ದಾರಿ ಹುಡುಕಿದವರು ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೇ. 1875ರಲ್ಲಿ ಅವರು ಪೇಟೆಂಟ್ ಪಡೆದ ಯಂತ್ರದಲ್ಲಿ ಚಿತ್ರ ಮೊದಲು ಒಂದು ಮೆತ್ತನೆ ಹೊದಿಕೆಯ ಉರುಳೆಗೆ ಹೋಗುತ್ತದೆ, ಅಲ್ಲಿಂದ ತಗಡಿಗೆ. ಮೊದಲು ಆ ಹೊದಿಕೆ ರಟ್ಟಿನದು, ಆಮೇಲೆ ರಬ್ಬರಿನದಾಯಿತು. ನಮ್ಮ ಪ್ರೆಸ್ಸುಗಳ ಆಫ್‌ಸೆಟ್ ಯಂತ್ರದ ಅಜ್ಜ ಅದು. ಅಂದರೆ ಆಫ್‌ಸೆಟ್ ಹುಟ್ಟಿದ್ದು ಕಾಗದಕ್ಕಾಗಿ ಅಲ್ಲ, ತಗಡಿಗಾಗಿ! ನನಗೆ ಇದು ಗೊತ್ತಾದ ದಿನ ಬಹಳ ಖುಷಿಯಾಗಿತ್ತು.

ಸಂತೆಪೇಟೆಯವರೇ, ಈಗ ನಿಮ್ಮ ಟ್ರೇ. ಹೆಂಗಸಿನ ಕೆನ್ನೆಯನ್ನು ಭೂತಗನ್ನಡಿಯಲ್ಲಿ ನೋಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಪುಟ್ಟ ಗಾಜು, ಅಂದರೆ ಲೂಪ್, ಸಿಕ್ಕರೆ ಇನ್ನೂ ಒಳ್ಳೆಯದು. ಆ ಕಾಲದಲ್ಲಿ ಕೆನ್ನೆಯ ನೆರಳನ್ನು ಕಲಾವಿದರು ಕೈಯಲ್ಲೇ ಚುಕ್ಕೆ ಇಟ್ಟು ಮಾಡುತ್ತಿದ್ದರು. ಒಂದು ಚುಕ್ಕೆ ದಪ್ಪ, ಒಂದು ಸಣ್ಣ, ಒಂದು ಕಡೆ ಒತ್ತು, ಒಂದು ಕಡೆ ಬಿಡಿ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ನಸುಗೆಂಪು, ಕಡುಗೆಂಪು, ಕಂದು ಎಲ್ಲ ಬೇರೆ ಬೇರೆ ಶಾಯಿ. 1970ರ ಈಚಿನ ನಕಲು ಫೋಟೋ ತೆಗೆದು ಮಾಡಿದ್ದು. ಅದರಲ್ಲಿ ಚುಕ್ಕೆಗಳು ಸಾಲು ಹಿಡಿದು ನಿಂತಿರುತ್ತವೆ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಸೇರಿ ಸಣ್ಣ ಸಣ್ಣ ಹೂವಿನ ಆಕಾರ ಕಾಣುತ್ತದೆ. ಇವತ್ತಿನ ಪತ್ರಿಕೆಯ ಬಣ್ಣದ ಫೋಟೋ ಪಕ್ಕದಲ್ಲಿ ಇಟ್ಟು ನೋಡಿ, ಒಂದೇ ಸಲಕ್ಕೆ ತಿಳಿಯುತ್ತದೆ.

ಮಲ್ಲೇಶ್ವರದ ಮನೆ (ಬೆಂಗಳೂರು)

ಕಲ್ಲಚ್ಚು ಸರ್, ಎಷ್ಟು ಚೆನ್ನಾಗಿ ಹೇಳಿದಿರಿ. ಒಂದು ಸಂಶಯ. ನಮ್ಮ ಅಜ್ಜಿ ಮನೆಯಲ್ಲಿ ಹಳೆ ಟೀ ಪುಡಿ ಕಂಪನಿಯ ನೀಲಿ ಬೋರ್ಡ್ ಇತ್ತು. ಗಾಜಿನ ಹಾಗೆ ಹೊಳೆಯುತ್ತಿತ್ತು. ಅದೂ ಇದೇ ಕೆಲಸವಾ?

ಇನ್ನೊಂದು. ಹಳೆ ರವಿವರ್ಮನ ಅಚ್ಚುಗಳನ್ನು ನಾನು ಕೂಡಿಡುತ್ತೇನೆ. ಅದೂ ಕಲ್ಲಚ್ಚೇ ತಾನೆ? ಈ ಟ್ರೇಗಳ ಹೆಂಗಸರನ್ನು ಗೂಗಲ್‌ನಲ್ಲಿ ನೋಡಿದೆ. ಹೂ ಹಿಡಿದು, ತಲೆ ಸ್ವಲ್ಪ ಓರೆ ಮಾಡಿ ನಿಂತ ರೀತಿ ನಮ್ಮ ಕ್ಯಾಲೆಂಡರ್ ಲಕ್ಷ್ಮಿ, ಸರಸ್ವತಿಯರನ್ನು ನೆನಪಿಸಿತು.

ಕಲ್ಲಚ್ಚು (ಮಂಗಳೂರು)

ಅಲ್ಲಮ್ಮ, ಅದು ಎನಾಮಲ್ ಬೋರ್ಡ್. ಗಾಜಿನ ಪುಡಿಯನ್ನು ಕಬ್ಬಿಣದ ಮೇಲೆ ಹರಡಿ ಭಟ್ಟಿಯಲ್ಲಿ ಕರಗಿಸಿ ಅಂಟಿಸಿದ್ದು. ದಪ್ಪ, ತೂಕ ಜಾಸ್ತಿ. ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಟ್ರೇ ಹಾಗಲ್ಲ. ತೆಳು ಉಕ್ಕಿನ ತಗಡಿಗೆ ನಾವು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿದ ಹಾಗೆ ತವರ ಬಳಿದಿರುತ್ತಾರೆ. ಅದರ ಮೇಲೆ ಶಾಯಿ, ಶಾಯಿಯ ಮೇಲೆ ವಾರ್ನಿಷ್. ಆಮೇಲೆ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ.

ಇದರಲ್ಲೊಂದು ಸೊಗಸಿದೆ. ಅಚ್ಚಾಗುವಾಗ ತಗಡು ಚಪ್ಪಟೆಯಾಗಿರುತ್ತದೆ. ಒಣಗಿದ ಮೇಲೆ ಅಚ್ಚಿನಲ್ಲಿಟ್ಟು ಒತ್ತಿ ಟ್ರೇಯ ಆಕಾರ ಕೊಡುತ್ತಾರೆ. ಅಂಚು ಏಳುವಾಗ ತಗಡು ಎಳೆದುಕೊಳ್ಳುತ್ತದೆ, ಅಕ್ಷರವೂ ಎಳೆದುಕೊಳ್ಳುತ್ತದೆ. ಹಾಗಾಗಿ ಅಂಚಿನ ಅಕ್ಷರ ಬರೆಯುವವರು ತಗಡು ಬಾಗಿದ ಮೇಲೆ ಅದು ಹೇಗೆ ಕಾಣುತ್ತದೆ ಅಂತ ಮೊದಲೇ ಲೆಕ್ಕ ಹಾಕಿರಬೇಕು. ಕಲ್ಲಿನ ಮೇಲೆ ಎಲ್ಲವನ್ನೂ ಬಣ್ಣ ಬಣ್ಣವಾಗಿ ಬಿಡಿಸಿ ಯೋಚಿಸಬೇಕು, ಜೊತೆಗೆ ಇದೂ. ಆ ಕೆಲಸಗಾರರ ಹೆಸರು ಟ್ರೇಯ ಮೇಲೆ ಇರುವುದೇ ಅಪರೂಪ.

ರವಿವರ್ಮನ ಪ್ರೆಸ್ ಖಂಡಿತ ಕಲ್ಲಚ್ಚೇ. 1894ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಯಂತ್ರ, ತಂತ್ರ ಎರಡೂ ಜರ್ಮನಿಯಿಂದ ಬಂದದ್ದು. ಆಮೇಲೆ ಅದನ್ನು ಕೊಂಡವರು ಜರ್ಮನಿಯ ಫ್ರಿಟ್ಜ್ ಶ್ಲೈಶರ್. ಅವರ ಕಾಲದಲ್ಲಿ ದೇವರ ಚಿತ್ರದ ಜೊತೆಗೆ ಲೇಬಲ್, ಕ್ಯಾಲೆಂಡರ್, ಜಾಹೀರಾತಿನ ಕೆಲಸವೂ ನಡೆಯಿತು. ಒಂದೇ ಚಿತ್ರದ ಕೆಳಗೆ ಬೇರೆ ಬೇರೆ ವ್ಯಾಪಾರಿಗಳ ಹೆಸರು ಹಾಕುವ ಪದ್ಧತಿ ಅಮೆರಿಕದಲ್ಲೂ ಇತ್ತು, ನಮ್ಮಲ್ಲೂ ಇತ್ತು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ರವಿವರ್ಮನ ಅಚ್ಚುಗಳ ಸಂಗ್ರಹ ಇದೆ. ಲೂಪ್ ಹಿಡಿದುಕೊಂಡೇ ಹೋಗಿ.

ತವರದ ತಗಡು (ಮಿಲ್ವಾಕೀ)

ಒಂದೇ ಚಿತ್ರ, ಹಲವು ಹೆಸರು. ಸರ್ ಹೇಳಿದ ಈ ಮಾತನ್ನು ಹೊಸಬರು ಗಟ್ಟಿಯಾಗಿ ಹಿಡಿಯಬೇಕು. ಇಲ್ಲಿ ಇದಕ್ಕೆ 'ಸ್ಟಾಕ್ ಟ್ರೇ' ಅನ್ನುತ್ತಾರೆ. ಕಂಪನಿಯ ಸೇಲ್ಸ್‌ಮನ್ ಮಾದರಿ ಹಿಡಿದು ಊರೂರು ಸುತ್ತುತ್ತಿದ್ದ. ಸಣ್ಣ ಬಿಯರ್ ಕಂಪನಿಯವರು, ಐಸ್‌ಕ್ರೀಂ ಅಂಗಡಿಯವರು, ದಿನಸಿ ಅಂಗಡಿಯವರು 'ಈ ಹುಡುಗಿ ಇರಲಿ, ನಮ್ಮ ಹೆಸರು ಹಾಕಿ' ಅಂತ ಆರಿಸುತ್ತಿದ್ದರು. ಹಾಗಾಗಿ ಅದೇ ಗುಲಾಬಿ ಹುಡುಗಿ ಬೇರೆ ಬೇರೆ ಊರಿನ ಟ್ರೇಗಳಲ್ಲಿ ಸಿಗುತ್ತಾಳೆ.

ದೊಡ್ಡ ಕಂಪನಿಗಳದ್ದು ಬೇರೆ ದಾರಿ. ನಮ್ಮ ಮಿಲ್ವಾಕೀಯ ಪ್ಯಾಬ್ಸ್ಟ್, ಶ್ಲಿಟ್ಜ್, ಸೇಂಟ್ ಲೂಯಿಸ್‌ನ ಆನ್‌ಹೈಸರ್-ಬುಶ್ ಇವರು ತಮಗಂತಲೇ ಚಿತ್ರ ಮಾಡಿಸುತ್ತಿದ್ದರು. ಕೋಕಾ-ಕೋಲಾ ಕೂಡ ಹಾಗೆ. ಅವರ ಹಿಲ್ಡಾ ಕ್ಲಾರ್ಕ್ ಟ್ರೇಗಳು 1899ರಿಂದ 1903ರವರೆಗಿನವು. ಗಾಯಕಿ, ನಟಿ ಆಕೆ. 1934ರ ಟ್ರೇಯಲ್ಲಿ ಟಾರ್ಜನ್ ಪಾತ್ರದ ಜಾನಿ ವೈಸ್‌ಮುಲ್ಲರ್ ಮತ್ತು ಮೊರೀನ್ ಓಸಲಿವನ್ ಇದ್ದಾರೆ. ಅದೂ ಕೊಶಾಕ್ಟನ್‌ನಲ್ಲೇ ಅಚ್ಚಾದದ್ದು.

ಪೇಟೆಯಲ್ಲಿ ಹೆಚ್ಚು ಬೆಲೆ ಸಿಗುವುದು ಈ ದೊಡ್ಡ ಹೆಸರುಗಳಿಗೆ. ಆದರೆ ನನ್ನ ಆಸೆ ಸಣ್ಣ ಊರಿನ ಟ್ರೇಗಳ ಮೇಲೆ. ಕೋಕಾ-ಕೋಲಾದ ಪ್ರತಿ ಟ್ರೇ ಬಗ್ಗೆ ಬರೆದಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಎಲ್ಲೋ ರೈಲು ದಾರಿ ಪಕ್ಕ ಇದ್ದ ಒಂದು ಸಣ್ಣ ಬಿಯರ್ ಮನೆಯದ್ದು ಇಂಥದ್ದೊಂದು ಟ್ರೇ ಬಿಟ್ಟು ಬೇರೇನೂ ಉಳಿದಿಲ್ಲದೆ ಇರಬಹುದು. ಅದನ್ನು ಎಸೆದರೆ ಆ ಅಂಗಡಿಯ ಕೊನೆ ಕುರುಹನ್ನೇ ಎಸೆದ ಹಾಗೆ. ಸಂತೆಪೇಟೆಯವರೇ, ನಿಮ್ಮ ಟ್ರೇಯಲ್ಲಿ ಹುಡುಗಿ ಮುಖ್ಯ ಅಲ್ಲ, ಅಂಚಿನ ಹೆಸರು ಮುಖ್ಯ.

ಮಲ್ಲೇಶ್ವರದ ಮನೆ (ಬೆಂಗಳೂರು)

ತವರದವರೇ, ಇದನ್ನು ನಾನು ಒಪ್ಪಲ್ಲ. ಹೆಸರು ಚರಿತ್ರೆಗೆ ಬೇಕು, ಸರಿ. ಆದರೆ ಆ ಕೆನ್ನೆಗೆ ಕೈಯಲ್ಲಿ ಚುಕ್ಕೆ ಇಟ್ಟವರು ಯಾರೋ ಇದ್ದರಲ್ವಾ? ಹೆಸರಿಲ್ಲದ ಆ ಕಲಾವಿದರ ಕೆಲಸ ಉಳಿದಿರುವುದೂ ಅದೇ ತಗಡಿನಲ್ಲಿ. ಹತ್ತು ಊರಲ್ಲಿ ಅದೇ ಚಿತ್ರ ಸಿಕ್ಕಿತು ಅಂತ ಅದು ಕಡಿಮೆ ಆಗಿಬಿಡುತ್ತದಾ? ನಮ್ಮ ಕಡೆ ರವಿವರ್ಮನ ಅಚ್ಚೂ ಮನೆಮನೆಯಲ್ಲಿ ಇತ್ತು.

ಕಲ್ಲಚ್ಚು (ಮಂಗಳೂರು)

ಅಮ್ಮ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ.

ತವರದ ತಗಡು (ಮಿಲ್ವಾಕೀ)

ಅಕ್ಕ, ಕಲಾವಿದರ ವಿಷಯ ನೀವು ಹೇಳಿದ್ದು ಸರಿ. ಆದರೂ ದುಡ್ಡು ಕೊಡುವಾಗ ಹೆಸರನ್ನೇ ನೋಡುತ್ತೇನೆ. ಒಬ್ಬೊಬ್ಬರು ಒಂದೊಂದನ್ನು ಉಳಿಸೋಣ.

ಸಂತೆಪೇಟೆ (ಕೊಲಂಬಸ್, ಓಹಾಯೋ)

ಲೂಪ್ ತರಿಸಿ ನೋಡಿದೆ! ಕೆನ್ನೆಯಲ್ಲಿ ಚುಕ್ಕೆಗಳು ಚೆಲ್ಲಾಪಿಲ್ಲಿ. ಸಾಲಿಲ್ಲ, ಹೂವಿನ ಆಕಾರ ಇಲ್ಲ. ತುಟಿಯ ಕೆಂಪು ಒಂದೇ ಶಾಯಿ, ಚುಕ್ಕೆಯೇ ಇಲ್ಲ. ಅಂಚಿನ ಅಕ್ಷರದ ಬಂಗಾರ ಬಣ್ಣ ತುಂಬಾ ಕಡೆ ಸವೆದಿದೆ. ನಡುವೆ ಲೋಟ ಎಳೆದ ಗೀರುಗಳಿವೆ. ಇಷ್ಟು ಸಾಕಾ?

ಮನೆಯಲ್ಲಿ ಒಂದು ಮಾತು ಬಂತು. ನಮ್ಮ ಅತ್ತೆಯವರು ಊರಿಂದ ಬಂದಿದ್ದಾರೆ. ಬಿಯರ್ ಜಾಹೀರಾತನ್ನು ಹಾಲ್‌ನಲ್ಲಿ ಯಾಕೆ ತೂಗುಹಾಕಬೇಕು ಅಂತ ಕೇಳಿದರು. ಅವರ ಮಾತಿಗೆ ಬೆಲೆ ಕೊಡಬೇಕು ಅನ್ನಿಸುತ್ತದೆ.

ತವರದ ತಗಡು (ಮಿಲ್ವಾಕೀ)

ಸಾಕು. ಅಭಿನಂದನೆ. ಸವೆತ ಎಲ್ಲಿದೆ ಅನ್ನುವುದೂ ಒಳ್ಳೆಯ ಸಾಕ್ಷಿ. ಬಳಸಿದ ಟ್ರೇ ಕೈ ಹಿಡಿಯುವ ಕಡೆ, ಲೋಟ ಇಡುವ ಕಡೆ ಸವೆದಿರುತ್ತದೆ. ಬೇಕಂತಲೇ ಹಳೆಯದು ಮಾಡಿದ ನಕಲಿನಲ್ಲಿ ಗೀರುಗಳು ಎಲ್ಲ ಕಡೆ ಒಂದೇ ಸಮ ಇರುತ್ತವೆ. ಬರಹವನ್ನೂ ಓದಬೇಕು. ವಿಳಾಸದಲ್ಲಿ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಇದ್ದರೆ ಅದು 1963ಕ್ಕಿಂತ ಈಚಿನದು, ಚಿತ್ರ ಎಷ್ಟೇ ಹಳೆಯದಾಗಿ ಕಾಣಲಿ. 1970ರ ದಶಕದಲ್ಲಿ ಕೋಕಾ-ಕೋಲಾ ತನ್ನದೇ ಹಳೆ ಚಿತ್ರಗಳನ್ನು ಮತ್ತೆ ಟ್ರೇ ಮಾಡಿತು. 1914ರ 'ಬೆಟ್ಟಿ' ಅನ್ನುವ ಹುಡುಗಿ ಅದರಲ್ಲಿ ಒಬ್ಬಳು. ಕಂಪನಿ ಮೋಸ ಮಾಡಲಿಲ್ಲ, ನೆನಪಿಗೆ ಅಂತ ಮಾಡಿದ್ದು. ಆದರೆ ಈಗ ಕೆಲವರು ಅದನ್ನೇ 1914ರದ್ದು ಅಂತ ಮಾರುತ್ತಾರೆ. ನೋಡಿ ಕೊಳ್ಳಿ.

ಅತ್ತೆಯವರ ಪ್ರಶ್ನೆ ಬಹಳ ಒಳ್ಳೆಯದು. ಉತ್ತರ ನಿಮ್ಮ ಊರಿನಲ್ಲೇ ಇದೆ. ನಿಮ್ಮ ಪಕ್ಕದ ವೆಸ್ಟರ್‌ವಿಲ್ ಗೊತ್ತಲ್ಲ? 1909ರಲ್ಲಿ ಆಂಟಿ-ಸಲೂನ್ ಲೀಗ್ (ಸಲೂನ್ ಅಂದರೆ ಇಲ್ಲಿ ಹೆಂಡದ ಅಂಗಡಿ) ತನ್ನ ಕೇಂದ್ರವನ್ನು ಅಲ್ಲಿಗೆ ತಂದಿತು. ಕುಡಿತದ ವಿರುದ್ಧದ ಕರಪತ್ರ, ಪತ್ರಿಕೆಗಳನ್ನು ಅಲ್ಲಿಂದ ಅಚ್ಚು ಹಾಕಿ ದೇಶಕ್ಕೆಲ್ಲ ಕಳಿಸುತ್ತಿದ್ದರು. ಅದೇ ವರ್ಷ ಕೊಶಾಕ್ಟನ್‌ನಲ್ಲಿ ಅಮೆರಿಕನ್ ಆರ್ಟ್ ವರ್ಕ್ಸ್ ಅನ್ನುವ ಹೊಸ ಹೆಸರಿನಲ್ಲಿ ಬಿಯರ್ ಟ್ರೇ ಅಚ್ಚಾಗುತ್ತಿತ್ತು. ಒಂದೇ ರಾಜ್ಯದ ಎರಡು ಊರು, ಎರಡೂ ಕಡೆ ಪ್ರೆಸ್. ಕೊನೆಗೆ ಗೆದ್ದದ್ದು ವೆಸ್ಟರ್‌ವಿಲ್. ಓಹಾಯೋದಲ್ಲಿ 1919ರ ಮೇ ತಿಂಗಳಲ್ಲೇ ಪಾನನಿಷೇಧ ಬಂತು. ಇಡೀ ದೇಶಕ್ಕೆ 1920ರ ಜನವರಿ 17ರಂದು. ತೆರವಾದದ್ದು 1933ರ ಡಿಸೆಂಬರ್ 5ಕ್ಕೆ.

1873ರಲ್ಲಿ ಅಮೆರಿಕದಲ್ಲಿ 4,131 ಬಿಯರ್ ಕಾರ್ಖಾನೆಗಳಿದ್ದವು. ದೊಡ್ಡವರು ರೈಲಿನಲ್ಲಿ ಬಿಯರ್ ಕಳಿಸತೊಡಗಿದಾಗಲೇ ಸಣ್ಣವರು ಮುಚ್ಚತೊಡಗಿದ್ದರು. ನಿಷೇಧ ಉಳಿದವರಲ್ಲಿ ಹೆಚ್ಚಿನವರನ್ನೂ ಮುಗಿಸಿತು. ಕೈಲಿ ದುಡ್ಡಿದ್ದವರು ಬೇರೆ ದಾರಿ ಹಿಡಿದರು. ಯೂಂಗ್ಲಿಂಗ್‌ನವರು ಐಸ್‌ಕ್ರೀಂ ಮಾಡಿದರು, ಪ್ಯಾಬ್ಸ್ಟ್‌ನವರು ಚೀಸ್ ಮಾಡಿದರು, ಕೂರ್ಸ್‌ನವರು ಮಾಲ್ಟ್ ಹಾಕಿದ ಹಾಲಿನ ಪುಡಿ, ಪಿಂಗಾಣಿ ಮಾಡಿದರು. ಸಣ್ಣ ಊರಿನವರಿಗೆ ಆ ದಾರಿ ಇರಲಿಲ್ಲ. ನಿಷೇಧಕ್ಕೆ ಮೊದಲಿನ ಟ್ರೇಗೆ ಕೂಡಿಡುವವರು 'ಪ್ರೀ-ಪ್ರೋ' ಅನ್ನುತ್ತಾರೆ. ನಿಮ್ಮದು ಅದು. ಅತ್ತೆಯವರಿಗೆ ಇದನ್ನೆಲ್ಲ ಹೇಳಿ. ಆಮೇಲೂ ಬೇಡ ಅಂದರೆ ನಿಮ್ಮ ಓದುವ ಕೋಣೆಯಲ್ಲಿ ಹಾಕಿ.

ಉಪ್ಪುಗಾಳಿ (ಕುಂದಾಪುರ)

ಬಿಯರ್ ಬೇಡ ಅನ್ನುವವರಿಗೆ ಬೇಕಾದಷ್ಟು ಬೇರೆ ಟ್ರೇಗಳಿವೆ. ನನ್ನ ತಮ್ಮ ನ್ಯೂಜೆರ್ಸಿಯಿಂದ ತಂದುಕೊಟ್ಟ ಕೆಲವು 'ಟಿಪ್ ಟ್ರೇ' ನನ್ನಲ್ಲಿವೆ. ಅಂಗೈ ಅಗಲದವು. ಅಂಗಡಿ, ಹೋಟೆಲಲ್ಲಿ ಚಿಲ್ಲರೆ ಇಟ್ಟು ಕೊಡಲು ಬಳಸುತ್ತಿದ್ದರು. ಫೇರಿ ಸೋಪ್, ಹಾಲಿನಿಂದ ಕೆನೆ ಬೇರ್ಪಡಿಸುವ ಡಿ ಲಾವಲ್ ಯಂತ್ರ, ವೈಟ್ ರಾಕ್ ನೀರು ಎಲ್ಲದಕ್ಕೂ ಇದ್ದವು. ಸಣ್ಣ ಮನೆಯವರಿಗೆ ಇವೇ ಅನುಕೂಲ.

ಒಂದು ಚಿತ್ರದ ಬಗ್ಗೆ ಕೇಳಬೇಕಿತ್ತು. ಕಾಟಲೀನ್ ಅನ್ನುವ ಅಡುಗೆ ಕೊಬ್ಬಿನ ಟಿಪ್ ಟ್ರೇಯಲ್ಲಿ ಕಪ್ಪು ಜನ ಹತ್ತಿ ಬಿಡಿಸುವ ಚಿತ್ರ ಇದೆ. ಹತ್ತಿ ಬೀಜದ ಎಣ್ಣೆ ಹಾಕಿ ಮಾಡಿದ ಸರಕು, ಅದಕ್ಕೆ ಆ ಚಿತ್ರ. ನೋಡಿದರೆ ಮನಸ್ಸಿಗೆ ಕಸಿವಿಸಿ. ನೀವೆಲ್ಲ ಇಂಥವನ್ನು ಇಟ್ಟುಕೊಳ್ಳುತ್ತೀರಾ?

ಮಲ್ಲೇಶ್ವರದ ಮನೆ (ಬೆಂಗಳೂರು)

ನಾನಾದರೆ ಗೋಡೆಗೆ ಹಾಕುವುದಿಲ್ಲ. ಚಂದಕ್ಕೆ ತೂಗುಹಾಕುವ ವಸ್ತು ಅಲ್ಲ ಅದು. ಆದರೆ ಎಸೆಯುವುದೂ ಬೇಡ. ಗುಲಾಮಗಿರಿ ಹೋಗಿ ಒಂದು ತಲೆಮಾರು ಕಳೆದ ಮೇಲೂ ಆ ದುಡಿಮೆಯನ್ನು ಸರಕು ಮಾರಲು ಬಳಸಿದ್ದರು ಅನ್ನುವುದಕ್ಕೆ ಸಾಕ್ಷಿ ಅದು. ಕಾಗದದಲ್ಲಿ ಸುತ್ತಿ, ಅದು ಏನು, ಯಾಕೆ ತಪ್ಪು ಅಂತ ಒಂದು ಚೀಟಿ ಬರೆದು ಜೊತೆಗಿಡಿ. ಮುಂದೆ ನಿಮ್ಮ ಮನೆ ಮಕ್ಕಳು ನೋಡಿದಾಗ ಆ ಚೀಟಿಯನ್ನೂ ಓದಲಿ.

ಉಪ್ಪುಗಾಳಿ (ಕುಂದಾಪುರ)

ಹಾಗೇ ಮಾಡುತ್ತೇನೆ ಅಕ್ಕ.

ತುಕ್ಕಿನ ಬಗ್ಗೆ ಸಂತೆಪೇಟೆಯವರು ಕೇಳಿದ್ದರು. ಸಮುದ್ರದ ಪಕ್ಕ ಇರುವುದರಿಂದ ನನಗೆ ಇದು ದಿನನಿತ್ಯದ ಚಿಂತೆ. ತವರ ಇರುವವರೆಗೆ ಉಕ್ಕಿಗೆ ಏನೂ ಆಗುವುದಿಲ್ಲ. ಗೀರು ಬಿದ್ದು ಉಕ್ಕು ಹೊರಗೆ ಕಂಡರೆ ತುಕ್ಕು ಅಲ್ಲಿಂದ ಹೊರಟು ಬಣ್ಣದ ಅಡಿಗೆ ನುಗ್ಗುತ್ತದೆ. ಆದ್ದರಿಂದ ತುಕ್ಕು ಕೆರೆಯಲು ಹೋಗಬೇಡಿ, ಬಣ್ಣವೂ ಜೊತೆಗೆ ಏಳುತ್ತದೆ. ಹುಣಸೆಹಣ್ಣು, ನಿಂಬೆ, ಪಾತ್ರೆ ತೊಳೆಯುವ ನಾರು ಯಾವುದೂ ಬೇಡ. ಸಂಗ್ರಹಾಲಯದವರು ಬಳಸುವ ರೆನೆಸಾನ್ಸ್ ವ್ಯಾಕ್ಸ್ ಸಿಗುತ್ತದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ತಯಾರಾದ ಮೇಣ. ಕಾಣದ ಮೂಲೆಯಲ್ಲಿ ಮೊದಲು ಸ್ವಲ್ಪ ಹಚ್ಚಿ ನೋಡಿ, ಆಮೇಲೆ ತೆಳುವಾಗಿ ಸವರಿ. ಗಾಳಿಯ ತೇವ ಅಷ್ಟಾಗಿ ತಾಗುವುದಿಲ್ಲ.

ಬಿಸಿಲು ಬೀಳುವ ಗೋಡೆ ಬೇಡ, ಬಣ್ಣ ಹೋಗುತ್ತದೆ. ಒಂದರ ಮೇಲೊಂದು ಪೇರಿಸಬೇಡಿ. ಪೇರಿಸಲೇಬೇಕಾದರೆ ನಡುವೆ ಮೆತ್ತನೆ ಕಾಗದ ಇಡಿ, ಆದರೆ ದಿನಪತ್ರಿಕೆ ಬೇಡ. ಮಳೆಗಾಲದಲ್ಲಿ ನಾನು ಎಲ್ಲವನ್ನೂ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ.

ಸಂತೆಪೇಟೆ (ಕೊಲಂಬಸ್, ಓಹಾಯೋ)

ಎಲ್ಲರಿಗೂ ತುಂಬಾ ಧನ್ಯವಾದ. ತುಕ್ಕನ್ನು ಮುಟ್ಟಲಿಲ್ಲ. ಕೊನೆಯದಾಗಿ ಒಂದು. ಅಂಚಿನ ಹೆಸರು ಮುಖ್ಯ ಅಂದಿರಲ್ಲ, ಆ ಬಿಯರ್ ಕಂಪನಿ ಬಗ್ಗೆ ಹುಡುಕುವುದು ಹೇಗೆ? ಇಂಟರ್‌ನೆಟ್‌ನಲ್ಲಿ ಹೆಸರು ಹಾಕಿದರೆ ಏನೂ ಬರುತ್ತಿಲ್ಲ.

ತವರದ ತಗಡು (ಮಿಲ್ವಾಕೀ)

ಎರಡು ದಾರಿ. ಒಂದು, ಆ ಕಾಲದ ಸಿಟಿ ಡೈರೆಕ್ಟರಿಗಳು. ಊರಿನ ಪ್ರತಿ ಅಂಗಡಿ, ಮಾಲೀಕ, ಬೀದಿ ಹೆಸರು ಅದರಲ್ಲಿ ಇರುತ್ತದೆ. ಯಾವ ವರ್ಷದಿಂದ ಯಾವ ವರ್ಷದವರೆಗೆ ಹೆಸರು ಇದೆ ಅಂತ ನೋಡಿದರೆ ಕಂಪನಿಯ ಆಯುಸ್ಸು ತಿಳಿಯುತ್ತದೆ. ಆ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ.

ಎರಡನೆಯದು ಸ್ಯಾನ್‌ಬಾರ್ನ್ ನಕ್ಷೆಗಳು. ಬೆಂಕಿ ವಿಮೆ ಕಂಪನಿಗಳಿಗಾಗಿ 1867ರಿಂದ ಮಾಡಿದ ನಕ್ಷೆಗಳು ಇವು. ಲೈಬ್ರರಿ ಆಫ್ ಕಾಂಗ್ರೆಸ್ ಬಹಳಷ್ಟನ್ನು ಆನ್‌ಲೈನ್‌ನಲ್ಲಿ ಬಿಟ್ಟಿಯಾಗಿ ಇಟ್ಟಿದೆ. ಒಂದೊಂದು ಕಟ್ಟಡವೂ ಅದರಲ್ಲಿದೆ. ಇಟ್ಟಿಗೆಯದ್ದು ಗುಲಾಬಿ ಬಣ್ಣ, ಮರದ್ದು ಹಳದಿ. ಬಿಯರ್ ಮನೆ ಇದ್ದರೆ ಮಂಜುಗಡ್ಡೆ ಕೋಣೆ, ಕುದುರೆ ಲಾಯ, ಬಾಟಲಿ ತುಂಬುವ ಕೋಣೆ ಎಲ್ಲ ಬರೆದಿರುತ್ತಾರೆ.

ಕಾರ್ಖಾನೆಯ ಚಿತ್ರ ಇರುವ ಟ್ರೇಗಳಿಗೆ ನಾನು ಇದನ್ನು ತಪ್ಪದೆ ಮಾಡುತ್ತೇನೆ. ಟ್ರೇಯಲ್ಲಿ ಸಾಲು ಸಾಲು ಚಿಮಣಿ, ಬೀದಿ ತುಂಬಾ ಗಾಡಿ, ಹಿಂದೆ ರೈಲು ಇರುತ್ತದೆ. ನಕ್ಷೆ ತೆಗೆದರೆ ಕಟ್ಟಡ ಅದರ ಅರ್ಧವೂ ಇರುವುದಿಲ್ಲ. ಮಾಲೀಕರಿಗೆ ತಮ್ಮ ಕಾರ್ಖಾನೆ ಹೇಗೆ ಕಾಣಬೇಕು ಅಂತ ಆಸೆ ಇತ್ತೋ ಹಾಗೆ ಬರೆಸಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನನಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಇಷ್ಟದ ಕೆಲಸ.

ಕೊಶಾಕ್ಟನ್‌ಗೂ ಒಂದು ಸಲ ಹೋಗಿ. ಅಲ್ಲಿನ ರಾಸ್ಕೋ ವಿಲೇಜ್‌ನಲ್ಲಿ ಜಾನ್ಸನ್-ಹಮ್ರಿಕ್‌ಹೌಸ್ ಮ್ಯೂಸಿಯಂ ಇದೆ.

ಸಂತೆಪೇಟೆ (ಕೊಲಂಬಸ್, ಓಹಾಯೋ)

ನಕ್ಷೆ ಸಿಕ್ಕಿತು! ರೈಲು ಹಳಿಗೆ ಅಂಟಿಕೊಂಡೇ ಇದೆ. ಒಂದು ಗುಲಾಬಿ ಕಟ್ಟಡ, ಹಿಂದೆ ಎರಡು ಹಳದಿ. ಒಂದರ ಮೇಲೆ 'ಐಸ್ ಹೌಸ್' ಅಂತ ಬರೆದಿದೆ. ನಂತರದ ನಕ್ಷೆಯಲ್ಲಿ ಅದೇ ಜಾಗದಲ್ಲಿ ಗೋದಾಮು ಅಂತಿದೆ. ಅತ್ತೆಯವರೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು ನೋಡಿದರು, ಕುದುರೆ ಲಾಯ ಎಲ್ಲಿ ಅಂತ ಹುಡುಕಿದವರು ಅವರೇ. ಮುಂದಿನ ಶನಿವಾರ ಗ್ರಂಥಾಲಯಕ್ಕೆ ಹೋಗಿ ಡೈರೆಕ್ಟರಿ ನೋಡುತ್ತೇವೆ. ಮಾಲೀಕರ ಹೆಸರು ಸಿಕ್ಕರೆ ಇಲ್ಲೇ ಬರೆಯುತ್ತೇನೆ.